ಹಳದಿ ಹಿಡಿಕಿಗೆ ಕಟ್ಟಿದ ದಾರ

ನನ್ನ ಮಾರಿ ನೀವು ನೋಡಿರಬಹುದು. ಪುಣೆದಾಗ ಭಾಳ ಮಂದಿ ನೋಡ್ಯಾರ. ಗದ್ದದ ಕೆಳಗಿಂದ ತಗದ ವಿಡಿಯೋ ಅದು. ಎರಡು ಮೂಗಿನ ಹೊಳ್ಳಿ, ತೆರೆದ ಬಾಯಿ, ಮ್ಯಾಲ ಆಕಾಶ, "ಅಯ್ಯೋ ಅವ್ವಾ!" ಅಂತ ಒಂದು ಕೂಗು. ಅದಕ್ಕ ಯಾರೋ ಪುಣ್ಯಾತ್ಮ ಪೀಪಿ ಸಂಗೀತ ಕೂಡಿಸ್ಯಾನ, ಕೊನಿಗೆ ಕಣ್ಣೀರು ಬರೂ ಹಂಗ ನಗೂ ಹಳದಿ ಮಾರಿ ಸಾಲಾಗಿ ಹಚ್ಯಾನ. ಸದಾಶಿವ ಪೇಠದಾಗ ನನಗ ಕೊತಂಬರಿ ಮಾರೂ ಹೆಂಗಸು ಸುದ್ದಾ ಒಂದಿನ ಸೂಡು ಕೈಯಾಗ ಹಿಡಕೊಂಡ ನನ್ನ ದಿಟ್ಟಿಸಿ ನೋಡಿ, "ವಿಮಾನದ ಅಕ್ಕಾ ನೀವ ಅಲ್ಲ?" ಅಂತ ಮರಾಠಿಯೊಳಗ ಕೇಳಿದಳು. ಹೌದವ್ವಾ, ನಾನ ಅಂತ ಹೇಳಿ ಕೊತಂಬರಿ ಅಲ್ಲೇ ಬಿಟ್ಟು ಮನಿಗೆ ಬಂದೆ.

ಆ ವಿಡಿಯೋದಾಗ ಕಾಣಸೂದು ಖರೇ. ಕೂಗಿದಾಕಿ ನಾನ. ಆದ್ರ ಅದರಾಗ ಕಾಣಸಲಾರದ್ದು ಒಂದು ಅದ, ಅದನ್ನ ಹೇಳಲಿಕ್ಕೆ ಕೂತೇನಿ. ನಮ್ಮ ಮನಿಯವ್ರು ಅಂತಾರ, "ನಿನ್ನ ಸಿಟ್ಟು ಆರಲಿ, ಆಮ್ಯಾಲ ಬರಿ." ಆರಿದ ಮ್ಯಾಲ ಬರದ್ರ ಎಲ್ಲಾರನ್ನೂ ಕ್ಷಮಾ ಮಾಡಿ ಬಿಡ್ತೀನಿ, ನನ್ನ ಗುಣಾ ನಂಗ ಗೊತ್ತದ. ಅದಕ್ಕ ಬಿಸಿ ಇದ್ದಾಗನ ಬಡಸ್ತೀನಿ.

ನಾವು ವಿಜಾಪುರ ಕಡಿಯವರು. ಮಾವನವರ ಕಾಲದಾಗ ಬೆಲ್ಲದ ವ್ಯಾಪಾರಕ್ಕ ಪುಣೆಕ್ಕ ಬಂದ ಮನಿ. ನಮ್ಮವರು ಇವತ್ತಿಗೂ ಮಾರ್ಕೆಟ್ ಯಾರ್ಡಿನ್ಯಾಗ ಬೆಲ್ಲದ ಅಂಗಡಿ ನಡಸ್ತಾರ. ನಾ ಅಲ್ಲೇ ಹತ್ತರ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನ್ಯಾಗ ಕ್ಲಾರ್ಕ್. ಲಾರಿ ಎಲ್ಲಿ ನಿಂತಾವ, ಡ್ರೈವರ್ ಯಾಕ ಫೋನ್ ಎತ್ತವಲ್ಲ, ದಿನಾ ಇದನ್ನ ಒದರೂದು ನನ್ನ ಕೆಲಸ. ಐವತ್ತು ದಾಟೇನಿ, ಮಗಳ ಮದಿವಿ ಆಗೇದ. ಇಂಥಾಕಿಗೆ ಗ್ಲೈಡರ್ ಹಾರಿಸೂ ಹುಚ್ಚು ಎಲ್ಲಿಂದ ಹತ್ತಿತು ಅಂತ ಎಲ್ಲಾರೂ ಕೇಳ್ತಾರ. ಗಂಡಸರು ಐವತ್ತರಾಗ ಬುಲೆಟ್ ಗಾಡಿ ತಗೊಂಡ ಲೋಣಾವಳಾ ತಿರಗಿದ್ರ ಯಾರೂ ಕೇಳಂಗಿಲ್ಲ.

ಹುಚ್ಚು ಹತ್ತಿದ್ದು ತಳೇಗಾಂವ ದಾಭಾಡೆದಾಗ. ಆಫೀಸಿನ ಗೆಳತಿ ಅಲ್ಲಿ ಹೊಸಾ ಫ್ಲ್ಯಾಟ್ ತಗೊಂಡಿದ್ದಳು, ವಾಸ್ತುಶಾಂತಿಗೆ ಹೋಗಿದ್ದೆ. ಊಟದ ತಾಟು ಹಿಡಕೊಂಡ ಗಚ್ಚಿ ಮ್ಯಾಲ ನಿಂತಿದ್ದೆ. ತಲಿ ಮ್ಯಾಲ ಬೆಳ್ಳಗಿಂದು ಒಂದು ಉದ್ದ ರೆಕ್ಕಿದು ಹಾದು ಹೋತು. ಸಪ್ಪಳನ ಇಲ್ಲ! ಕಾರಖಾನಿ ಗುಂಯ್‌ಗುಡೂದು ಕೇಳಸ್ತಿತ್ತು, ಕೆಳಗ ಅಡಗಿಯವರ ಜಗಳ ಕೇಳಸ್ತಿತ್ತು, ಆದ್ರ ಅದು ಮಾತ್ರ ಸುಮ್ಮನ ಹೋತು. ಅಂಥಾ ಸುಮ್ಮನಿರೂದು ನಾ ಎಂದೂ ಕೇಳಿದ್ದಿಲ್ಲ. ಊರಿನ ಆಚೆ ಒಂದು ಮೈದಾನ ಅದ, ಹವ್ಯಾಸದ ಮಂದಿ ಐತವಾರಕ್ಕೊಮ್ಮೆ ಹಾರಸ್ತಾರ, ಕಲಸ್ತಾರ ಅಂತ ಗೆಳತಿ ಗಂಡ ಹೇಳಿದ. ಮುಂದಿನ ಐತವಾರ ಲೋಕಲ್ ಹತ್ತಿ ಹೋಗೇ ಬಿಟ್ಟೆ.

"ಮೊಮ್ಮಕ್ಕಳನ್ನ ಆಡಸೂ ವಯಸ್ಸಿನ್ಯಾಗ ಆಕಾಶದಾಗ ಏನು ಹುಡಕಾಕತ್ತೀ?" ಅಂದ್ರು ನಮ್ಮವರು.

"ನಿಮ್ಮನ್ನಂತೂ ಅಲ್ರಿ," ಅಂದೆ.

ಗ್ಲೈಡರ್ ಅಂದ್ರ ಎಂಜಿನ್ ಇಲ್ಲದ ವಿಮಾನ. ಒಬ್ಬರ ಹಿಂದ ಒಬ್ಬರು ಕೂಡೂ ಎರಡು ಸೀಟು, ಮ್ಯಾಲ ಗಾಜಿನಂಗ ತೆಳ್ಳಗಿನ ಮುಚ್ಚಳ. ಮೈದಾನದ ಆ ತುದಿಗೆ ಒಂದು ರಾಟಿ ಯಂತ್ರ ಇರ್ತದ, ಅದು ಉಕ್ಕಿನ ಹಗ್ಗ ಸುತ್ತಿಕೋತ ಗ್ಲೈಡರನ್ನ ಜಗ್ಗತದ. ಗಾಳಿಪಟ ಏರಿದಂಗ ಏರೂದು. ಸಾಕಷ್ಟು ಏರಿದ ಮ್ಯಾಲ ಎದುರಿಗಿನ ಹಳದಿ ಹಿಡಿಕಿ ಎಳದ್ರ ಹೊಟ್ಟಿ ಕೆಳಗಿನ ಹಗ್ಗ ಕಳಚಿ ಬೀಳತದ. ಅಲ್ಲಿಂದ ನೀವು, ಗಾಳಿ, ಅಷ್ಟ. ಆ ಹಳದಿ ಹಿಡಿಕಿ ನೆಪ್ಪಿಟ್ಟುಕೊಳ್ರಿ, ಜಗಳ ಎಲ್ಲಾ ಅದರದ.

ಕಲಿಯೂಮಟಾ ಹಿಂದಿನ ಸೀಟಿನ್ಯಾಗ ಸರ್ ಕೂಡ್ತಿದ್ರು. ವಾಯುಸೇನಾದಿಂದ ರಿಟೈರ್ ಆದ ಮರಾಠಿ ಮನಷಾ. ಇಸ್ತ್ರಿ ಮುರೀಲಾರದ ಶರ್ಟು, ಬಿಳಿ ಮೀಸಿ, ತೂಕದ ಮಾತು. ಛಲೋ ಕಲಸ್ತಿದ್ರು, ಸುಳ್ಳು ಯಾಕ ಹೇಳಲಿ. ಆದ್ರ ನನ್ನ ಜೀವನದಾಗ ಹಿಂದಿನ ಸೀಟು ಎಂದೂ ಖಾಲಿ ಇದ್ದಿಲ್ಲ ನೋಡ್ರಿ. ಮೊದಲ ಅಪ್ಪ, ಆಮ್ಯಾಲ ಅತ್ತಿ, ಆಫೀಸಿನ್ಯಾಗ ಮ್ಯಾನೇಜರ. ಹಿಂಗ ಮಾಡು, ಹಂಗ ಬ್ಯಾಡ, ಸಾವಕಾಶ, ಈಗ ತಿರಗು. ಒಮ್ಮೆರ ಒಬ್ಬಾಕೀನ ಹಾರಬೇಕು, ಹಿಂದ ಯಾರೂ ಇರಬಾರದು, ಇಷ್ಟ ನನ್ನ ಆಸೆ ಇತ್ತು. ಬಂಗಾರ ಬೇಡಿದ್ದಿಲ್ಲ, ಕಾಶಿಯಾತ್ರಾ ಬೇಡಿದ್ದಿಲ್ಲ. ಖಾಲಿ ಸೀಟು ಬೇಡಿದ್ದೆ. ಅದನ್ನ ಕೊಡೂ ಅಧಿಕಾರ ಸರ್ ಒಬ್ಬರಿಗೇ ಇತ್ತು.

ಸರ್ ಅವರದೊಂದು ಕಟ್ಟಳಿ ಇತ್ತು. ಹಾರೂ ಮುಂದ ಕೂತಾಕಿ ಒಂದೊಂದ ಹಿಡಿಕಿ, ಒಂದೊಂದ ಪಟ್ಟಾ ಮುಟ್ಟಿ ಜೋರಾಗಿ ಹೆಸರು ಹೇಳಿ ತಪಾಸಣಿ ಮಾಡಬೇಕು. ಕೊನಿಗೆ ಮುಚ್ಚಳ ತಾನ ಹಾಕ್ಕೋಬೇಕು. ಹಾಕಿದ ಮ್ಯಾಲ ಹೊರಗಿನ ಕೈ ಒಂದೂ ಒಳಗ ಬರಬಾರದು. ನೊಣಾ ಹೊಕ್ಕರೂ ಮುಚ್ಚಳ ತಗದು, ನೊಣಾ ಬಿಟ್ಟು, ಮತ್ತ ಮೊದಲಿಂದ ತಪಾಸಣಿ. ಒಮ್ಮೆ ಒಬ್ಬ ಡಾಕ್ಟರು, ಮೈದಾನದಾಗ ದೊಡ್ಡ ಮನಷಾ ಅನಿಸಿಕೊಂಡಾಂವಾ, ತನ್ನ ಟೋಪಿ ಮರತಾನಂತ ಕೈ ಹಾಕಿದ್ದಕ್ಕ ಸರ್ ಅವನ್ನ ಎಲ್ಲಾರ ಮುಂದ ಝಾಡಿಸಿ ಬಿಟ್ಟಿದ್ರು. "ಕೈ ಒಳಗ ಬಂದ್ರ ಅದರ ಬೆನ್ನ ಹಿಂದ ಸಾವು ಬರ್ತದ," ಅಂತಿದ್ರು. ನಾವೆಲ್ಲಾ ಅದನ್ನ ದೇವರ ಮಾತಿನಂಗ ನಂಬಿದ್ವಿ.

ಇಂಥಾ ಮೈದಾನಕ್ಕ ಕ್ಯಾಮೆರಾ ಬಂತು. ತಂದಾಂವಾ ಮೈಸೂರು ಕಡಿ ಹುಡುಗ, ಹಿಂಜವಡಿಯೊಳಗ ಐಟಿ ಕೆಲಸ. ನಂಗ ಆಂಟಿ ಅಂತಿದ್ದ. ನಾ ಅವ್ವ ಅನ್ನು, ಅಕ್ಕ ಅನ್ನು, ಇಲ್ಲಾ ಸುಮ್ಮನ ಮೇಡಂ ಅನ್ನು ಅಂದ್ರ "ಓಕೆ ಆಂಟಿ" ಅಂತಿದ್ದ. ಬೆಂಕಿಪೆಟ್ಟಿಗಿಗಿಂತ ತುಸು ದೊಡ್ಡ ಕ್ಯಾಮೆರಾ. ಮೊದಲ ರೆಕ್ಕಿ ತುದಿಗೆ ಹಚ್ಚಿದ, ಆಮ್ಯಾಲ ಬಾಲಕ್ಕ ಹಚ್ಚಿದ. ಬಾಲದ ಮ್ಯಾಲಿಂದ ತಗದ ನನ್ನ ಹಾರಾಟ ಅಂವಾ ಲ್ಯಾಪ್‌ಟಾಪಿನ್ಯಾಗ ತೋರಿಸಿದಾಗ ನಾ ಅತ್ತೆ. ಹೌದು, ಅತ್ತೆ. ಮುಂದ ಸಣ್ಣದಾಗಿ ನನ್ನ ಟೋಪಿ, ಎರಡೂ ಕಡಿ ಬೆಳ್ಳನೆ ರೆಕ್ಕಿ, ಕೆಳಗ ಇಂದ್ರಾಯಣಿ ನದಿ, ಕಾರಖಾನಿ ತಗಡು, ಎಕ್ಸ್‌ಪ್ರೆಸ್ ಹೈವೇ ಮ್ಯಾಲ ಇರವಿ ಸಾಲಿನಂಗ ಲಾರಿ. ಆ ಲಾರಿಯೊಳಗ ಯಾವುದರ ಒಂದು ನಮ್ಮ ಆಫೀಸಿಂದ ಇದ್ದೀತು ಅನಿಸಿ ನಗುನೂ ಬಂತು. ಕ್ಯಾಮೆರಾ ನನ್ನ ವೈರಿ ಏನಲ್ಲ. ಇದನ್ನ ಮೊದಲ ಹೇಳಿ ಬಿಡ್ತೀನಿ, ಇಲ್ಲಾಂದ್ರ ಹಳೇ ಕಾಲದ ಹೆಂಗಸು ಮೊಬೈಲ್ ಕಂಡ್ರ ಉರೀತಾಳ ಅಂದೀರಿ.

ಆದ್ರ ಹುಚ್ಚಿಗೂ ಒಂದು ಹದ್ದು ಬ್ಯಾಡ ಏನ್ರಿ? ಎರಡು ತಿಂಗಳಾಗೂದ್ರಾಗ ಮೈದಾನದ ರೀತಿನ ಬದಲಾತು. ಮುಂಜಾನೆ ಎಲ್ಲಾರೂ ಕೂಡಿ ಬಕೀಟು ನೀರು ಹಾಕಿ ರೆಕ್ಕಿ ತೊಳಿಯೂದು ಪದ್ಧತಿ ಇತ್ತು, ಹುಳಾ ಒಣಗಿ ಹತ್ತಿದ್ರ ಗಾಳಿ ಸರಿ ಹರಿಯಂಗಿಲ್ಲ ಅಂತ. ಈಗ ತೊಳಿಯೂ ಮಂದಿ ನಾನು ಮತ್ತೊಬ್ಬಿಬ್ಬರು. ಉಳಿದವರೆಲ್ಲಾ ಟೇಪು ಹರಕೋತ, ಸ್ಕ್ರೂ ತಿರುವಿಕೋತ, ಬಿಸಿಲು ಯಾವ ಕಡಿಯಿಂದ ಬಿದ್ರ ತಮ್ಮ ಮಾರಿ ಛಂದ ಕಾಣಸ್ತದ ಅಂತ ಲೆಕ್ಕಾ ಹಾಕ್ಕೋತ ನಿಲ್ಲೂದು. ಗಾಳಿ ಛಲೋ ಇದ್ರೂ ಬ್ಯಾಟರಿ ತುಂಬಿಲ್ಲಂತ ಹಾರಾಟ ತಡಾ. ಹಾರೂದು ಪಾವು, ತೋರಸೂದು ಸೇರು! ಇಳದ ಬಂದಾಂವಗ "ಮ್ಯಾಲ ಹೆಂಗಿತ್ತಪಾ?" ಅಂತ ಯಾರೂ ಕೇಳವಲ್ಲರು. "ರೆಕಾರ್ಡ್ ಆತೇನು?" ಅಂತ ಕೇಳ್ತಿದ್ರು.

ಸರ್ ಬೈತಾರ, ಇದನ್ನೆಲ್ಲಾ ಬಂದ್ ಮಾಡಸ್ತಾರ ಅಂತ ನಾ ದಾರಿ ಕಾದೆ. ಎಲ್ಲಿಂದ! ಹುಡುಗ ಸರ್ ಅವರದ ಒಂದು ವಿಡಿಯೋ ಮಾಡಿದ, ಮೀಸಿ, ಬೂಟು, ಸೂರ್ಯ ಮುಳಗೂದು. ಅದನ್ನ ಊರ ಮಂದಿ ನೋಡಿ ಹೊಗಳಿದ್ರು. ಅವತ್ತಿಂದ ಸರ್ ಮುಂಜಾನೆ ಬಂದ ಕೂಡಲೇ ಕೇಳೂದು ಗಾಳಿ ದಿಕ್ಕಲ್ಲ, "ಇವತ್ತು ಕ್ಯಾಮೆರಾ ಯಾವ ಗ್ಲೈಡರಿಗೆ?" ಅಂತ.

ನನ್ನ ಸರದಿ ಬಂದದ್ದು ಏಪ್ರಿಲ್‌ದಾಗ. ಮುಂಜಾನೆ ಎರಡು ಸಲ ನನ್ನ ಹಿಂದ ಕೂತು ಹಾರಿ, ಇಳದ ಮ್ಯಾಲ ಸರ್ ತಮ್ಮ ಪಟ್ಟಾ ಬಿಚ್ಚಿಕೊಂಡ ಹೊರಗ ಬಂದ್ರು. "ತಾಈ, ಈಗ ನೀವು ಒಬ್ಬರ," ಅಂದ್ರು, ಮರಾಠಿಯೊಳಗ ಅಕ್ಕಾ ಅಂದಂಗ. ಖಾಲಿ ಸೀಟಿನ ಪಟ್ಟಾ ಸರ್ ತಮ್ಮ ಕೈಯಾರೆ ಬಿಗದು ಕಟ್ಟಿದ್ರು. ನಾ ಹೊಳ್ಳಿ ನೋಡಿದೆ. ಯಾರೂ ಇಲ್ಲ! ಆ ಖಾಲಿ ಸೀಟು ನೋಡಿದ ಖುಷಿ ನಾ ಇವತ್ತಿಗೂ ಮರತಿಲ್ಲ, ಮದಿವಿಯಾಗೂ ಅಷ್ಟು ಖುಷಿ ಆಗಿದ್ದಿಲ್ಲ. ನಮ್ಮಲ್ಲಿ ಮೊದಲ ಸಲ ಒಬ್ಬರ ಹಾರಿ ಬಂದವರು ಎಲ್ಲಾರಿಗೂ ಪೇಢೆ ಹಂಚಬೇಕು. ನಾ ಮೂರು ವಾರದಿಂದ ಚೀಲದಾಗ ಪೇಢೆ ಇಟ್ಟುಕೊಂಡ ಬಂದು, ಮತ್ತ ಹೊಳ್ಳಿ ಒಯ್ದು, ಆಫೀಸಿನ್ಯಾಗ ಹಂಚತಿದ್ದೆ.

ಒಂದೊಂದ ಹಿಡಿಕಿ ಮುಟ್ಟಿ ಹೆಸರು ಹೇಳಿದೆ. ಮುಚ್ಚಳ ಹಾಕ್ಕೊಂಡೆ. ಹಗ್ಗ ಸಿಗಿಸಿದ್ರು. ರೆಕ್ಕಿ ಹಿಡಿಯಾಂವಾ ರೆಕ್ಕಿ ಎತ್ತಿ ಹಿಡದ. ಅಷ್ಟರಾಗ ಆ ಹುಡುಗ ಓಡಿ ಬಂದ, "ಸರ್, ಸರ್, ಒನ್ ಮಿನಿಟ್! ಫಸ್ಟ್ ಸೋಲೋ, ವಿಡಿಯೋ ಇಲ್ದೆ ಹೆಂಗೆ?"

ನೊಣಾ ಹೊಕ್ಕರ ಬೈಯೂ ಸರ್ ಏನು ಮಾಡಿದ್ರು ಗೊತ್ತೇನು? ತಾವ ಬಂದು ಮುಚ್ಚಳ ತಗದ್ರು. ತಾವ ಕೈ ಒಳಗ ಹಾಕಿದ್ರು. ಮುಚ್ಚಳದ ಒಳಮೈಗೆ ರಬ್ಬರಿನ ಬಟ್ಟಲದಂಥಾದ್ದು ಒತ್ತಿ ಕ್ಯಾಮೆರಾ ಕೂಡಿಸಿದ್ರು. ಬಿದ್ದೀತು, ದಾರ ಕಟ್ಟಿದ್ರ ಸುರಕ್ಷಿತ ಅಂದು, ಒಂದು ಗಟ್ಟಿ ದಾರದ ಒಂದು ತುದಿ ಕ್ಯಾಮೆರಾಕ್ಕ, ಇನ್ನೊಂದು ತುದಿ ಎದುರಿಗೆ ಏನು ಸಿಕ್ಕತೋ ಅದಕ್ಕ ಗಂಟು ಹಾಕಿದ್ರು. ಅವರ ತೋಳು ನನ್ನ ಕಣ್ಣಿಗೆ ಅಡ್ಡ ಇತ್ತು. ಸರ್ ಕಟ್ಟಾಕತ್ತಾರ ಅಂದ್ರ ಸರಿನ ಇರ್ತದ ಅಂತ ಯಾರಾದ್ರೂ ಅಂದುಕೋತಾರ. ಆದ್ರೂ ನಾ ಕೇಳಿದೆ, "ಸರ್, ಮತ್ತ ಮೊದಲಿಂದ ತಪಾಸಣಿ ಮಾಡ್ಲ್ಯಾ?"

"ಬ್ಯಾಡ ಬ್ಯಾಡ, ರಾಟಿ ಕಾಯಾಕತ್ತದ," ಅಂದು ಮುಚ್ಚಳ ಹಾಕಿ ಬಿಟ್ರು. ಬೇಲಿನ ಎದ್ದು ಹೊಲಾ ಮೇಯ್ದಂಗ ಆತು.

ಹಗ್ಗ ಬಿಗಿ ಆತು, ನೆಲಾ ಓಡಿತು, ಮೂಗು ಏರಿತು. ಏಪ್ರಿಲ್ ಬಿಸಿಲಿಗೆ ಮುಚ್ಚಳ ಹಂಚಿನಂಗ ಕಾದಿತ್ತು. ಕಾದ ಮ್ಯಾಲ ರಬ್ಬರು ಎಷ್ಟೊತ್ತು ಹಿಡದೀತು? ಎರಡು ತೆಂಗಿನ ಮರದಷ್ಟು ಏರಿದ್ದೆ, ಪಟ್ ಅಂತ ಕ್ಯಾಮೆರಾ ಬಿತ್ತು. ಬಿದ್ದದ್ದು ಎಲ್ಲಿ? ನನ್ನ ತೊಡಿ ಮತ್ತ ಗ್ಲೈಡರಿನ ಮೂಗು ಏರಿಸಿ ಇಳಿಸೂ ನಡುವಿನ ದಾಂಡಿ ನಡಕ. ಆ ದಾಂಡಿ ಸಿಕ್ಕಿಕೊಂಡ್ರ ಮೂಗು ತಗ್ಗಸಾಕ ಬರಂಗಿಲ್ಲ, ತಗ್ಗಸಲಿಲ್ಲಾಂದ್ರ ಪೇಢೆ ಅಲ್ಲ, ನನ್ನ ತಿಥಿ ಊಟ ಹಂಚಬೇಕಾಗ್ತಿತ್ತು. ನಾ ಎಡಗೈಲೆ ಕ್ಯಾಮೆರಾ ಹಿಡದು ಬದಿಗೆ ಒಗದೆ. ದಾರ ಬಿಗಿ ಆತು. ಹೊಟ್ಟಿ ಕೆಳಗ ಧಡ್ ಅಂತು. ಹಗ್ಗ ಕಳಚಿ ಹೋತು. ನೋಡಿದ್ರ ದಾರದ ಇನ್ನೊಂದು ತುದಿ ಹಳದಿ ಹಿಡಿಕಿಗೆ ಗಂಟು ಬಿದ್ದದ! ಆಗ ಕೂಗಿದೆ ನಾ, ಅಯ್ಯೋ ಅವ್ವಾ ಅಂತ. ನೀವಾಗಿದ್ರ ಕೂಗತಿದ್ದಿಲ್ಲೇನು?

ಕೂಗಿದೆ, ಆದ್ರ ಕೈ ಸುಮ್ಮನ ಕೂತಿದ್ದಿಲ್ಲ. ಕಲಿಸಿದಂಗ ಮೂಗು ತಗ್ಗಿಸಿದೆ, ವೇಗ ನೋಡಿದೆ, ಎದುರಿಗೆ ಮೈದಾನ ಉಳದಿತ್ತು, ಸೀದಾ ಇಳಿಸಿದೆ. ಗಾಲಿ ಒಂದ ಸಲ ಪುಟದಿತು, ನಿಂತಿತು. ರೆಕ್ಕಿಗೆ ಒಂದು ಗೀರು ಬಿದ್ದಿಲ್ಲ.

ಮೊದಲ ಬಂದವರು ಸರ್. ರೆಕ್ಕಿ ಹಿಡದಾಂವನ ಸ್ಕೂಟರ್ ಮ್ಯಾಲ ಅವನ ಹಿಂದ ಕೂತು ಬಂದ್ರು. ಶಾಬಾಸ್ ಅಂತಾರ, ಕೈ ಹಿಡದು ಎಬ್ಬಸ್ತಾರ ಅಂತ ನಾ ಮಾರಿ ಎತ್ತಿದೆ. ಮುಚ್ಚಳ ತಗದ್ರು, ನನ್ನ ನೋಡಲಿಲ್ಲ, ಹಳದಿ ಹಿಡಿಕಿ ನೋಡಿದ್ರು. ಗಂಟು ಬಿಚ್ಚಿದ್ರು. ದಾರ ಸುತ್ತಿ ಪ್ಯಾಂಟಿನ ಕಿಸೆದಾಗ ಹಾಕ್ಕೊಂಡ್ರು. ಆಮ್ಯಾಲ ಉಳಿದ ಮಂದಿ ಓಡಿ ಬಂದ ಕೂಡಲೇ ಜೋರಾಗಿ, ಎಲ್ಲಾರಿಗೂ ಕೇಳೂ ಹಂಗ, "ಗಾಬರಿ ಆಗಿ ಹಗ್ಗ ಬಿಟ್ಟಾರ. ಮೊದಲನೇ ಸಲ ಹಂಗಾಗ್ತದ. ತಾಈ, ಚಿಂತಿ ಮಾಡಬ್ಯಾಡ್ರಿ, ಇನ್ನೊಂದಿಷ್ಟು ದಿನಾ ನಾ ನಿಮ್ಮ ಹಿಂದ ಕೂಡ್ತೀನಿ," ಅಂದ್ರು.

ಅವರ ಕಿಸೆಯಿಂದ ದಾರದ ತುದಿ ಇನ್ನೂ ಹೊರಗ ಕಾಣಸ್ತಿತ್ತು ರೀ! ನಾ ಅದನ್ನ ನೋಡಿಕೋತ ಕೂತಿದ್ದೆ. ಮೈಯಾಗಿನ ನಡುಕಾ ನಿಂತು, ನೀರು ಕುಡದು, ಸಿಟ್ಟು ಬರೂದ್ರಾಗ ಸರ್ ಇನ್ನೊಬ್ಬರ ಹಿಂದ ಕೂತು ಆಕಾಶಕ್ಕ ಹೋಗಿದ್ರು. ಚೀಲದಾಗಿನ ಪೇಢೆ ಬಿಸಿಲಿಗೆ ಕರಗಿ ಡಬ್ಬಿಗೆ ಹತ್ತಿದ್ದವು.

ಎರಡು ದಿನಕ್ಕ ವಿಡಿಯೋ ಬಂತು. ಮೈಸೂರು ಹುಡುಗ ಸರ್ ಕೈ ಹಾಕಿದ್ದು, ಗಂಟು ಕಟ್ಟಿದ್ದು ಎಲ್ಲಾ ಕತ್ತರಿಸಿ ಒಗದು, ಕ್ಯಾಮೆರಾ ಬಿದ್ದಲ್ಲಿಂದ ನನ್ನ ಕೂಗುಮಟಾ ಇಟ್ಟಿದ್ದ. ಇಳಿಸಿದ್ದೂ ಇಲ್ಲ. ಅದು ಇದ್ರ ಮಜಾ ಎಲ್ಲಿ ಬರ್ತದ! ಫೋನ್ ಮಾಡಿ ಬೈದೆ.

"ಆಂಟಿ, ಟೆನ್ಷನ್ ತಗೋಬೇಡಿ. ಕ್ಲಿಪ್ ಸಖತ್ ಓಡ್ತಾ ಇದೆ. ನೀವು ಫೇಮಸ್ ಆಗಿಬಿಟ್ರಿ," ಅಂದ.

"ನಿನ್ನ ಅವ್ವನ ಮಾರಿ ಹಿಂಗ ಹಾಕ್ತಿದ್ದೀ ಏನಲೇ?" ಅಂದೆ.

"ಪಾಸಿಟಿವ್ ಆಗಿ ತಗೊಳಿ ಆಂಟಿ," ಅಂದ. ಫೋನ್ ಒಗಿಯೂ ಹಂಗಾಗಿತ್ತು, ನನ್ನ ಫೋನು ಅಂತ ಬಿಟ್ಟೆ.

ನಮ್ಮ ಕನ್ನಡ ಮಂದಿ ವಾಟ್ಸ್ಯಾಪ್ ಗುಂಪಿಗೂ ಅದು ಬಂತು. "ವೈನಿ, ನೆಲದ ಮ್ಯಾಲ ನಮ್ಮನ್ನ ಹೆದರಸ್ತೀರಿ, ಮ್ಯಾಲ ಹೋಗಿ ನೀವ ಹೆದರಿದ್ರಲ್ಲಾ," ಅಂತ ಒಬ್ಬರು ಬರದ್ರು. ಉಳಿದವರು ನಕ್ಕರು. ರಾತ್ರಿ ಊಟಕ್ಕ ಕೂತಾಗ ನಮ್ಮವರಿಗೆ ಎಲ್ಲಾ ಹೇಳಿದೆ, ದಾರ, ಗಂಟು, ಕಿಸೆ, ಎಲ್ಲಾ. ಅವರು ರೊಟ್ಟಿ ಮುರಕೋತ, "ನೀ ಹೆದರಿ ಹಗ್ಗ ಬಿಟ್ಟಿ ಅಂದ್ರ ನಾ ನಂಬಾಂವಲ್ಲ. ಈ ಮನ್ಯಾಗ ಹೆದರೂ ಕೆಲಸ ನಂದು, ಮದಿವಿ ಆದಾಗಿಂದ ನಾನ ಮಾಡ್ಕೋತ ಬಂದೀನಿ," ಅಂದ್ರು. ನಗು ಬಂತು, ಹಿಂದ ಅಳು ಬಂತು. ನಂಬಿದವರು ಅವರೊಬ್ಬರ.

ನಂಬೂದು ಬ್ಯಾರೆ, ಗೊತ್ತಿರೂದು ಬ್ಯಾರೆ. ಮೈದಾನದಾಗ ಎಲ್ಲಾರಿಗೂ ಗೊತ್ತಿತ್ತು! ರೆಕ್ಕಿ ಹಿಡದಾಂವಾ ಸರ್ ಕೈ ಹಾಕಿದ್ದನ್ನ ನೋಡಿದ್ದ, ಗಂಟು ಬಿಚ್ಚೂದನ್ನೂ ಪಕ್ಕದಾಗ ನಿಂತು ನೋಡಿದ್ದ. ಮುಂದಿನ ಐತವಾರ ಅವನ್ನ ಕೇಳಿದೆ, "ಹೇಳಪಾ, ನಾ ಎಳದ್ನೋ, ಗಂಟು ಎಳೀತೋ?" ಅಂವಾ ಆ ಕಡಿ ಈ ಕಡಿ ನೋಡಿ, "ತಾಈ, ಬಿಡ್ರಿ ಅದನ್ನ. ಸುದ್ದಿ ಮ್ಯಾಲಿನವರಿಗೆ ಹೋದ್ರ ಸರ್ ಅವರ ಲೈಸನ್ಸ್ ಹೋಗ್ತದ, ಕ್ಯಾಮೆರಾ ಬಂದ್ ಆಗ್ತಾವ, ಮೈದಾನನ ಬಂದ್ ಮಾಡಿದ್ರೂ ಮಾಡಿದ್ರು. ನೀವು ಹವ್ಯಾಸಕ್ಕ ಹಾರವ್ರು, ನಿಮ್ಮದೇನು ಹೋಗ್ತದ?" ಅಂದ. ಡಾಕ್ಟರೂ ಅದನ್ನ ಅಂದ. ಟೋಪಿ ಸಂಬಂಧ ಬೈಸಿಕೊಂಡ ಡಾಕ್ಟರು! "ನಿಮ್ಮದೇನು ಹೋಗ್ತದ," "ನಿಮ್ಮದೇನು ಹೋಗ್ತದ," ಗಿಣಿಗೆ ಕಲಿಸಿದಂಗ ಎಲ್ಲಾರ ಬಾಯಾಗೂ ಒಂದ ಮಾತು.

ನಂದೇನು ಹೋತು ಅಂತ ನಾನ ಹೇಳ್ತೀನಿ ಕೇಳ್ರಿ. ನಾ ಜೀವಾ ಉಳಿಸಿಕೊಂಡದ್ದು ಹೋತು. ಗ್ಲೈಡರ್ ಉಳಿಸಿದ್ದು ಹೋತು. ಐವತ್ತು ವರ್ಷಕ್ಕ ಒಮ್ಮೆ ಖಾಲಿ ಸೀಟು ಸಿಕ್ಕಿತ್ತು, ಅದರಾಗ ನಾ ಮಾಡಬೇಕಾದ್ದನ್ನೆಲ್ಲಾ ಸರಿ ಮಾಡಿದೆ, ಆದ್ರ ಮಂದಿ ಲೆಕ್ಕದಾಗ ನಾ ಹೆದರಪುಕಲಿ ಆದೆ, ಹಿಂದಿನ ಸೀಟಿನ್ಯಾಗ ಮತ್ತ ಸರ್ ಬಂದು ಕೂತ್ರು. ಆ ಬ್ಯಾಸಗಿ ಪೂರಾ ಕೂತ್ರು. "ಸಾವಕಾಶ ತಾಈ, ಹಳದಿ ಹಿಡಿಕಿ ಈಗ ಬ್ಯಾಡ ತಾಈ," ಅಂತ ಕಿವಿಯಾಗ ಹೇಳ್ತಿದ್ರು. ಹಳದಿ ಹಿಡಿಕಿ ಬ್ಯಾಡ ಅಂತ! ಹೇಳಲಿಕ್ಕೆ ನಾಲಿಗಿ ಹೆಂಗ ಹೊರಳತಿತ್ತೋ ಅವರಿಗೆ.

ಮಳಿಗಾಲ ಇನ್ನೇನು ಹಿಡಿಯೂದಿತ್ತು. ಮಳಿ ಬಂದ್ರ ಮೈದಾನ ಕೆಸರಾಗಿ ನಾಲ್ಕು ತಿಂಗಳು ಹಾರಾಟ ಬಂದ್. ಒಂದು ಶನಿವಾರ ಸಂಜಿಕೆ, ಮರುದಿನದ ತಯಾರಿಗೆ ಮೈದಾನಕ್ಕ ಹೋಗಿ, ತಗಡಿನ ಶೆಡ್ಡಿನ್ಯಾಗ ಚಹಾ ಕುಡೀತಿದ್ದಾಗ ಸರ್ ಒಬ್ಬರ ಸಿಕ್ಕರು. ಕೇಳೇ ಬಿಟ್ಟೆ, "ಸರ್, ಆ ಗಂಟು ನೀವು ಕಟ್ಟಿದ್ದು. ಮುಂಜಾನೆ ಎಲ್ಲಾರೂ ಕೂಡ್ತಾರಲ್ಲ, ಅಲ್ಲಿ ಒಂದ ಮಾತು ಹೇಳ್ರಿ. ಲೈಸನ್ಸಿನವರಿಗೆ ಹೇಳ್ರಿ ಅನ್ನಂಗಿಲ್ಲ ನಾ. ನಮ್ಮ ಮಂದಿಗೆ ಹೇಳ್ರಿ ಸಾಕು."

ಸರ್ ಚಹಾದ ಗ್ಲಾಸ್ ತಿರುಗಸ್ಕೋತ ಕೂತ್ರು. ಇಲ್ಲ ಅನ್ನಲಿಲ್ಲ, ಅದೊಂದು ಮಾತ್ರ ಒಪ್ಪತೀನಿ. "ತಾಈ, ಇಷ್ಟು ವರ್ಷದಾಗ ನನ್ನ ಕೈಯಿಂದ ಒಂದು ತಪ್ಪು ಆಗಿದ್ದಿಲ್ಲ. ನಂದು ಹೆಸರು. ನಿಮಗ ಅದು ಒಂದು ದಿನದ ಮಾತು," ಅಂದ್ರು. ಆಮ್ಯಾಲ, "ನಾಳೆ ಗಾಳಿ ಛಲೋ ಅದ. ನಾಳೆ ನಿಮ್ಮನ್ನ ಒಬ್ಬರನ್ನ ಬಿಡ್ತೀನಿ. ಈ ಸಲ ವಿಡಿಯೋ ಛಂದ ಮಾಡಸೂಣು, ಹಳೇದನ್ನ ಮಂದಿ ಮರೀತಾರ. ಆ ಮಾತು ಬಿಡೂಣು," ಅಂದ್ರು.

ನಾಲಿಗಿ ಮ್ಯಾಲ ಬೆಲ್ಲ ಇಟ್ಟು ಬಾಯಿ ಮುಚ್ಚಸೂದು ನಂಗ ಗೊತ್ತಾಗೂದಿಲ್ಲೇನು? ಬೆಲ್ಲದವರ ಮನಿ ಸೊಸಿ ನಾ. ಆದ್ರ ಖರೇ ಹೇಳಬೇಕಂದ್ರ ಲೋಕಲ್‌ದಾಗ ಮನಿಗೆ ಬರೂಮಟಾ ನನ್ನ ಮನಸು ಆ ಬೆಲ್ಲನ ಚೀಪತಿತ್ತು. ಖಾಲಿ ಸೀಟು! ಹೂಂ ಅಂದು ಹಾರಿ ಬಿಡಲೇನು, ಯಾರು ಏನಂದ್ರ ನನಗೇನು ಅನಿಸ್ತಿತ್ತು. ನಮ್ಮವರಿಗೆ ಕೇಳಿದ್ರ, "ಹಾರೂದು ನೀನು, ನನ್ನ ಏನು ಕೇಳ್ತಿ," ಅಂದ್ರು.

ಮರುದಿನ ಹೋದೆ. ಪೇಢೆ ಒಯ್ಯಲಿಲ್ಲ. ಸರ್ ಎಲ್ಲಾರ ಮುಂದ, "ಇವತ್ತು ತಾಈ ಒಬ್ಬರ ಹೋಗ್ತಾರ, ಧೈರ್ಯ ಬಂದದ ಈಗ," ಅಂದ್ರು. ಎಲ್ಲಾರೂ ಚಪ್ಪಾಳಿ ತಟ್ಟಿದ್ರು. ಧೈರ್ಯ ಬಂದದಂತ! ಆ ಮಾತಿಗೆ ನನ್ನ ಅಂಗಾಲಿಂದ ನೆತ್ತಿಮಟಾ ಉರದ ಹೋತು. ಮೈಸೂರು ಹುಡುಗ ಈ ಸಲ ರೆಕ್ಕಿ ಮ್ಯಾಲ ಒಂದು, ಬಾಲಕ್ಕ ಒಂದು ಕ್ಯಾಮೆರಾ ಸ್ಕ್ರೂ ಹಾಕಿ ಬಿಗದಿದ್ದ. ತಾನು ಎದುರಿಗೆ ಫೋನ್ ಹಿಡದು ನಿಂತಿದ್ದ. ಉಳಿದವರೂ ಫೋನ್ ತಗದ್ರು. ನಾ ಒಳಗ ಕೂತು ಒಂದೊಂದ ಹಿಡಿಕಿ ಮುಟ್ಟಿ ಹೆಸರು ಹೇಳಿದೆ. ಮುಚ್ಚಳ ಹಾಕ್ಕೊಂಡೆ. ಹೊಳ್ಳಿ ನೋಡಿದೆ, ಸೀಟು ಖಾಲಿ, ಪಟ್ಟಾ ಬಿಗದಿತ್ತು. ಗಾಳಿನೂ ಛಲೋ ಇತ್ತು. ಹಗ್ಗ ಸಿಗಿಸಿದ್ರು, ಸರ್ ರೆಕ್ಕಿ ಕಡಿ ನಿಂತು ಕೈ ಎತ್ತಲಿಕ್ಕೆ ತಯಾರಾದ್ರು. ಅವರು ಕೈ ಎತ್ತಿದ್ರ ರಾಟಿ ಜಗ್ಗತದ.

ನಾ ಹಳದಿ ಹಿಡಿಕಿ ಹಿಡದೆ, ಎಳದೆ. ಹೊಟ್ಟಿ ಕೆಳಗ ಹಗ್ಗ ಧಡ್ ಅಂತ ಹುಲ್ಲಿನ ಮ್ಯಾಲ ಬಿತ್ತು. ಮುಚ್ಚಳ ತಗದು, ಪಟ್ಟಾ ಬಿಚ್ಚಿ, ಎದ್ದು ನಿಂತೆ. ಮರಾಠಿಯೊಳಗ, ಲಾರಿ ಡ್ರೈವರಿಗೆ ಒದರೂ ದನಿಯೊಳಗ, ಎಲ್ಲಾರಿಗೂ ಕೇಳೂ ಹಂಗ ಹೇಳಿದೆ: "ನೋಡ್ರಿ, ಇದು ನಾ ಎಳದದ್ದು. ಅವತ್ತು ಎಳದದ್ದು ನಿಮ್ಮ ಗಂಟು, ಸರ್. ನೀವು ಕಟ್ಟಿದ್ರಿ, ನೀವ ಬಿಚ್ಚಿ ಕಿಸೆದಾಗ ಇಟ್ಟುಕೊಂಡ್ರಿ. ಈಗ ಇವರೆಲ್ಲಾರ ಮುಂದ ಹೌದು ಅನ್ರಿ, ನಾ ಕೂತು ಹಾರ್ತೀನಿ. ಇಲ್ಲಾಂದ್ರ ನಿಮ್ಮ ಸೀಟು ನಿಮಗ ಇರಲಿ."

ರೆಕ್ಕಿ ಹಿಡದಾಂವಾ ನೆಲಾ ನೋಡಿಕೋತ ನಿಂತ. ಡಾಕ್ಟರು ಫೋನ್ ಕೆಳಗ ಇಳಿಸಿದ. ಸರ್ ನನ್ನ ನೋಡಿದ್ರು. ಇಷ್ಟು ತಿಂಗಳಾದ ಮ್ಯಾಲ ಮೊದಲ ಸಲ ನನ್ನ ಕಣ್ಣಾಗ ಕಣ್ಣಿಟ್ಟು ನೋಡಿದ್ರು, ಬಾಯಿ ತೆರದ್ರು. ಈಗ ಅಂತಾರ, ಈಗ ಹೌದು ಅಂತಾರ ಅಂತ ನಾ ಒಂದು ಕೈ ಮುಚ್ಚಳದ ಮ್ಯಾಲ ಇಟ್ಟುಕೊಂಡ ಕಾದೆ.

ಅವರು ನನ್ನ ಬಿಟ್ಟು ಆ ಹುಡುಗನ ಕಡಿ ಹೊಳ್ಳಿದ್ರು.

"ಕ್ಯಾಮೆರಾ ಬಂದ್ ಕರೋ," ಅಂದ್ರು.